ತಾವು ನೆಡದ ತೋಟ

ಯೆರಿಕೋ ಕೋಟೆ ಬಿದ್ದ ಕತೆ ನಮ್ಮ ಮೂಡಿಗೆರೆ, ಕಳಸ ಕಡೆ ಚರ್ಚಿಗೆ ಹೋಗುವವರಿಗೆಲ್ಲ ಗೊತ್ತು. ಇಸ್ರಾಯೇಲರು ಏಳು ದಿನ ಊರು ಸುತ್ತಿದರು, ಕೊಂಬು ಊದಿದರು, ಗೋಡೆ ಬಿತ್ತು. ಆಮೇಲಿನದ್ದನ್ನು ಮೆಲ್ಲಗೆ ದಾಟಿಸುತ್ತಾರೆ. ರಾಹಾಬಳ ಮನೆಯವರನ್ನು ಬಿಟ್ಟು ಗಂಡಸರು, ಹೆಂಗಸರು, ಮಕ್ಕಳು, ದನ, ಕತ್ತೆ ಎಲ್ಲವನ್ನೂ ಕಡಿದು ಹಾಕಿದರು.

ಇದನ್ನೇ ಹಿಡಿದು ಕೆಲವರು ‘ದೇವರೇ ಕೊಟ್ಟ ಭೂಮಿ’ ಎಂದು ಇವತ್ತಿನ ಯುದ್ಧವನ್ನೂ ಸಮರ್ಥಿಸುತ್ತಾರೆ. ಇನ್ನು ಕೆಲವರು ‘ನೋಡಿ ಇವರ ದೇವರು’ ಎಂದು ವಾಟ್ಸಾಪಿನಲ್ಲಿ ಹಂಚುತ್ತಾರೆ. (ಖಾಂಡವವನದಲ್ಲಿ ಸುಟ್ಟುಹೋದ ನಾಗರ ಕತೆ ಇವರಿಗೆ ಆಗ ನೆನಪಾಗುವುದಿಲ್ಲ.)

1950ರ ದಶಕದಲ್ಲಿ ಯೆರಿಕೋವನ್ನು ಅಗೆದ ಕ್ಯಾಥ್ಲೀನ್ ಕೆನ್ಯನ್, ಯೆಹೋಶುವನ ಕಾಲ ಎನ್ನುವ ಹೊತ್ತಿಗೆ ಅಲ್ಲಿ ಕೋಟೆಯೂರೇ ಇರಲಿಲ್ಲ ಎಂದರು. ಹಾಗಂತ ‘ಬರೀ ಕತೆ, ಬಿಡಿ’ ಅನ್ನುವಂತಿಲ್ಲ. ಅಮೆರಿಕಕ್ಕೆ ಹೋದ ಬಿಳಿಯರು ತಮ್ಮನ್ನು ಹೊಸ ಇಸ್ರಾಯೇಲರೆಂದು, ಅಲ್ಲಿದ್ದವರನ್ನು ಕಾನಾನ್ಯರೆಂದು ಕರೆದು ನೆಲ ಕಿತ್ತುಕೊಂಡರು. ಕತೆ ಕೆಲಸ ಮಾಡಿತು.

ನಮ್ಮನ್ನು ಕಾಡುವುದು ಯೆರಿಕೋ ಅಲ್ಲ, ಗಿಬ್ಯೋನ್. ಅದೇ ಪುಸ್ತಕದ 9ನೇ ಅಧ್ಯಾಯ. ಗಿಬ್ಯೋನಿನವರು ಹರಿದ ಚಪ್ಪಲಿ, ಬೂಸ್ಟು ಹಿಡಿದ ರೊಟ್ಟಿ ತೋರಿಸಿ, ದೂರದೂರಿನವರೆಂದು ನಂಬಿಸಿ ಜೀವ ಉಳಿಸಿಕೊಂಡರು. ಗುಟ್ಟು ರಟ್ಟಾದ ಮೇಲೆ ಸಿಕ್ಕ ಶಿಕ್ಷೆ: ಸೌದೆ ಒಡೆಯುವುದು, ನೀರು ಹೊರುವುದು. ತಮ್ಮ ನೆಲದಲ್ಲೇ ಕೂಲಿಗಳಾದರು. 24ನೇ ಅಧ್ಯಾಯದಲ್ಲಿ ದೇವರು ಗೆದ್ದವರಿಗೆ ನೆನಪಿಸುತ್ತಾನೆ, ನೀವು ಹಣ್ಣು ತಿನ್ನುತ್ತಿರುವ ತೋಟ ನೀವು ನೆಟ್ಟದ್ದಲ್ಲ ಎಂದು.

ಈ ಮಾತನ್ನು ಎಸ್ಟೇಟಿನ ಲೈನ್ ಮನೆ ಜಗಲಿಯಲ್ಲಿ ಕೂತು ಓದಿ ನೋಡಿ. ಗುಂಡಿ ತೆಗೆದವರು, ಗಿಡ ನೆಟ್ಟವರು, ಕಸಿ ಮಾಡಿದವರು, ಹಣ್ಣು ಕೊಯ್ದವರು ಅಲ್ಲಿದ್ದಾರೆ. ಮೂರು ತಲೆಮಾರು ದುಡಿದರೂ ಕೆಲಸ ಬಿಟ್ಟ ದಿನ ಮನೆ ಖಾಲಿ ಮಾಡಬೇಕು. ಹೆಣ ಹೂಳಲು ಜಾಗ ಹುಡುಕಿದ ಮನೆಗಳನ್ನು ನಾವು ಕಂಡಿದ್ದೇವೆ.

ಇತ್ತ ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ ಅದನ್ನೇ 25 ಎಕರೆವರೆಗೆ, 30 ವರ್ಷ ಗುತ್ತಿಗೆಗೆ ಕೊಡಲು ಭೂಕಂದಾಯ ಕಾನೂನಿಗೇ ತಿದ್ದುಪಡಿ ಆಗಿದೆ. ಒಂದೆರಡು ಎಕರೆ ನಂಬಿಕೊಂಡ ಬಡ ರೈತನ ಬಗ್ಗೆ ನಮ್ಮ ತಕರಾರಿಲ್ಲ, ಅವನಿಗೆ ಹಕ್ಕುಪತ್ರವೇ ಸಿಗಲಿ. ಆದರೆ ಗುಡ್ಡ ನುಂಗಿದವರಿಗೆ ಗುತ್ತಿಗೆ ಕೊಡಲು ನೆಲ ಇರುವಾಗ, ಲೈನ್ ಮನೆಯವರು ಸೈಟಿಗೆ ಅರ್ಜಿ ಹಿಡಿದು ಹೋದರೆ ‘ಜಾಗ ಇಲ್ಲ’ ಅನ್ನುವುದು ಯಾವ ನ್ಯಾಯ?

ಯಾಜಕಕಾಂಡದಲ್ಲಿ ಅದೇ ದೇವರು ನೆಲ ತನ್ನದು, ನೀವು ಬಂದು ತಂಗಿದವರು ಅಷ್ಟೇ ಎಂದಿದ್ದಾನೆ. ತೋಟದ ಸಾಹುಕಾರರು ಕೂತ ಮುಂದಿನ ಬೆಂಚಿಗೆ ಕೇಳುವಂತೆ ಒಂದು ಭಾನುವಾರ ಇದನ್ನು ಓದಿಸಿ.