ಮದ್ದಿನ ಅಳತೆ

ವೈರಸ್ಸಿಗೆ ಜಾತಿ ಗೊತ್ತಿಲ್ಲ, ದುಡ್ಡು ಗೊತ್ತಿಲ್ಲ ಎಂಬ ಮಾತನ್ನು 2020ರಲ್ಲಿ ಕೇಳದ ಕಿವಿ ಇರಲಿಕ್ಕಿಲ್ಲ. ವೈರಸ್ಸಿನ ಮಟ್ಟಿಗೆ ಅದು ಸರಿಯೇ ಇರಬಹುದು. ಆದರೆ ನಾರಾವಿಯಂಥ ಊರಿಗೆ ವೈರಸ್ಸಿಗಿಂತ ಮೊದಲು ಬಂದು ಮುಟ್ಟಿದ್ದು ಅದರ ಮದ್ದು. ಮಾರ್ಚ್ 25ಕ್ಕೆ ದೇಶಕ್ಕೆಲ್ಲ ಬೀಗ ಬಿತ್ತು. ರೋಗ ಪೇಟೆ ದಾಟಿ ಗುಡ್ಡ ಹತ್ತುವುದಕ್ಕೆ ಸಮಯ ಹಿಡಿಯಿತು, ಬೀಗ ಒಂದೇ ರಾತ್ರಿಗೆ ಹತ್ತಿತು. ಅಂಚಿನ ಸಮುದಾಯಗಳು ಸಾಂಕ್ರಾಮಿಕವನ್ನು ಹೇಗೆ ಅನುಭವಿಸಿದವು ಎಂದು ಯಾರಾದರೂ ಕೇಳಿದರೆ ನಾವು ಕೂಡಲೇ ರೋಗಿಗಳ, ಸಾವುಗಳ ಪಟ್ಟಿ ಹುಡುಕುತ್ತೇವೆ. ನನಗೆ ಮುಖ್ಯವೆನಿಸುವ ಪ್ರಶ್ನೆ ಬೇರೆ: ಮದ್ದನ್ನು ಯಾರ ಮನೆ ನೋಡಿ ಅಳೆದರು?

ಮನೆಯಲ್ಲೇ ಇರಿ, ದೂರ ನಿಲ್ಲಿ, ಮಕ್ಕಳಿಗೆ ಫೋನಿನಲ್ಲಿ ಪಾಠ ಕೇಳಿಸಿ. ಈ ಸೂಚನೆ ಬರೆದವರ ಕಣ್ಣೆದುರು ಒಂದು ಮನೆ ಇದ್ದಿರಲೇಬೇಕು. ಅಲ್ಲಿ ತಿಂಗಳಿಗೊಮ್ಮೆ ಸಂಬಳ ಬರುತ್ತದೆ, ಡಬ್ಬದಲ್ಲಿ ಅಕ್ಕಿ ಬೇಳೆ ಇದೆ, ಪ್ರತ್ಯೇಕ ಕೋಣೆಯಿದೆ, ಕೋಣೆಯೊಳಗೆ ನೆಟ್‌ವರ್ಕ್ ಸಿಗುತ್ತದೆ. ಬೆಳ್ತಂಗಡಿ ತಾಲ್ಲೂಕಿನ ತುದಿಯಲ್ಲಿ, ಅತ್ತ ಕಾರ್ಕಳಕ್ಕೂ ಇತ್ತ ಮೂಡುಬಿದಿರೆಗೂ ಕೈಚಾಚುವ ನಾರಾವಿಯಲ್ಲಿಯೂ ಅಂಥ ಮನೆಗಳಿವೆ. ಅಡಿಕೆ ತೋಟದವರದ್ದು, ಶಿಕ್ಷಕರದ್ದು, ಮುಂಬೈಯಲ್ಲಿ ಹೋಟೆಲು ಇಟ್ಟವರದ್ದು. ಪಕ್ಕದ ಕುತ್ಲೂರಿನಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಮಲೆಕುಡಿಯ ಬುಡಕಟ್ಟಿನವರ ಮನೆಗಳು ಒಂದಕ್ಕೊಂದು ಕೂಗಳತೆಯಲ್ಲಿ ಚದುರಿಕೊಂಡಿವೆ. ಅವರಿಗೆ ಆರಡಿ ದೂರ ನಿಲ್ಲಲು ಯಾರೂ ಕಲಿಸಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹತ್ತಿರ: ಆಸ್ಪತ್ರೆಗೆ ಹತ್ತಿರ, ರಸ್ತೆಗೆ ಹತ್ತಿರ, ರೇಷನ್ ಅಂಗಡಿಗೆ ಹತ್ತಿರ.

ಬೀಡಿಯ ಕತೆ ನೋಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಬೀಡಿ ಕಟ್ಟುವ ಹೆಂಗಸರು ಮೊದಲಿನಿಂದಲೂ ಮನೆಯಲ್ಲೇ ಕೂತು ದುಡಿಯುವವರು. ‘ವರ್ಕ್ ಫ್ರಂ ಹೋಮ್’ ಎಂದು ಐಟಿ ಮಂದಿ ಬೆನ್ನು ತಟ್ಟಿಕೊಳ್ಳುವುದಕ್ಕೆ ಎಷ್ಟೋ ದಶಕ ಮೊದಲೇ ಜಗಲಿಯ ಮೇಲೆ ಗೆರಸೆ ಮಡಿಲಲ್ಲಿಟ್ಟುಕೊಂಡು, ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಸುರಿದು, ಸುತ್ತಿ, ತುದಿ ಮಡಚಿ, ನೂಲು ಕಟ್ಟಿ ಮನೆ ನಡೆಸಿದವರು. ಕೂಲಿ ದಿನದ ಲೆಕ್ಕದಲ್ಲಿಲ್ಲ, ಸಾವಿರ ಬೀಡಿಯ ಲೆಕ್ಕದಲ್ಲಿ. ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದರೆ ದುಡ್ಡು, ಮರುದಿನಕ್ಕೆ ಎಲೆ. ಲಾಕ್‌ಡೌನಿನಲ್ಲಿ ಬ್ರಾಂಚಿಗೆ ಬೀಗ ಬಿತ್ತು. ಇವರು ಮನೆಯಿಂದ ಹೊರಗೆ ಕಾಲಿಡದೆ ನಿಯಮ ಪಾಲಿಸಿದರು, ಪಾಲಿಸುತ್ತಲೇ ಕೆಲಸ ಕಳೆದುಕೊಂಡರು. ನೆನೆಸಿಟ್ಟ ಎಲೆ ಗೆರಸೆಯಲ್ಲೇ ಒಣಗಿ ಮುರುಟಿದರೆ ಅದರ ನಷ್ಟ ಯಾರ ಪುಸ್ತಕದಲ್ಲಿ ಬರೆಯುವುದು? ಆಗ ಜನಧನ ಖಾತೆಯಿದ್ದ ಹೆಂಗಸರಿಗೆ ಕೇಂದ್ರ ಸರಕಾರ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ ಹಾಕಿತು, ರೇಷನ್ನಿನಲ್ಲಿ ತಲೆಗೆ 5 ಕಿಲೋ ಧಾನ್ಯ ಹೆಚ್ಚುವರಿಯಾಗಿ ಬಂತು. ಅಕ್ಕಿಯಿಂದ ಹೊಟ್ಟೆ ತುಂಬಿದ್ದು ನಿಜ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಸ್ವಸಹಾಯ ಸಂಘದ ವಾರದ ಕಂತು ಅಕ್ಕಿಯಲ್ಲಿ ತೀರುವುದಿಲ್ಲ.

ಅಳತೆಯ ಇನ್ನೊಂದು ತಪ್ಪು ಕ್ಯಾಲೆಂಡರಿನದ್ದು. ತುಳುನಾಡಿನಲ್ಲಿ ಕೋಲ, ನೇಮ, ಜಾತ್ರೆ, ಯಕ್ಷಗಾನಗಳ ಋತು ಮಳೆ ಕಳೆದ ಮೇಲೆ ಶುರುವಾಗಿ, ಮೇ ತಿಂಗಳ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ. ಕೋಲಗಳು ಹೆಚ್ಚು ದಟ್ಟವಾಗುವುದು ಕೊನೆಯ ಆ ಬೇಸಗೆಯ ತಿಂಗಳುಗಳಲ್ಲೇ. ಕೋಲಗಳಲ್ಲಿ ದೈವ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯಗಳು ಇಡೀ ಮಳೆಗಾಲಕ್ಕೆ ಕೂಡಿಡಬೇಕಾದ್ದನ್ನು ದುಡಿಯುವುದು ಆಗ. ಮೊದಲ ಲಾಕ್‌ಡೌನ್ 2020ರ ಮಾರ್ಚ್ ಕೊನೆಗೆ, ಎರಡನೆಯ ಅಲೆಯ ಕರ್ಫ್ಯೂ 2021ರ ಏಪ್ರಿಲ್ 27ಕ್ಕೆ. ಎರಡು ವರ್ಷವೂ ಪೆಟ್ಟು ಬಿದ್ದದ್ದು ಅದೇ ಜಾಗಕ್ಕೆ. ಸಂಬಳದ ಮನೆಗೆ ಏಪ್ರಿಲ್ ಆದರೇನು ಆಗಸ್ಟ್ ಆದರೇನು. ಋತುವಿನ ಮನೆಗೆ ಎರಡು ತಿಂಗಳು ಹೋದರೆ ವರ್ಷವೇ ಹೋಯಿತು.

ಇದರಲ್ಲಿ ಒಂದು ಕಹಿಯಾದ ವಿಪರ್ಯಾಸವಿದೆ. ಮಾರಿ ಕಳೆಯುವ ಕೆಲಸವನ್ನು ನಮ್ಮ ಊರುಗಳು ವಹಿಸಿಕೊಟ್ಟದ್ದೇ ಈ ಸಮುದಾಯಗಳಿಗೆ. ಆಟಿ ತಿಂಗಳ ಜಡಿಮಳೆಯಲ್ಲಿ ನಲಿಕೆಯವರ ಮನೆಯಿಂದ ಕಳೆಂಜ ಹೊರಡುತ್ತಾನೆ. ಎಳೆ ತೆಂಗಿನ ಗರಿಯ ಸಿರಿ ಉಟ್ಟು, ತಾಳೆಗರಿಯ ಕೊಡೆ ತಿರುಗಿಸುತ್ತ, ತೆಂಬರೆಯ ಬಡಿತಕ್ಕೆ ಅಂಗಳದಲ್ಲಿ ಕುಣಿಯುತ್ತಾನೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಮೆಣಸು, ಅರಸಿನ, ಮಸಿ ಕೊಡುತ್ತಾರೆ. ಮನೆಯ, ದನಕರುಗಳ, ಬೆಳೆಯ ರೋಗವೆಲ್ಲ ಅವನ ಹಿಂದೆ ಊರು ದಾಟಿತೆಂದು ನೆಮ್ಮದಿಪಡುತ್ತಾರೆ. ಮನೆಮನೆ ತಿರುಗಿದರೆ ರೋಗ ಹರಡುತ್ತದೆ ಎಂದು ಎಲ್ಲರೂ ಹೆದರಿದ್ದ 2020ರ ಆಟಿಯಲ್ಲಿ, ರೋಗ ಕಳೆಯಲು ಮನೆಮನೆ ತಿರುಗುವವನಿಗೆ ಅಂಗಳವೇ ಉಳಿಯಲಿಲ್ಲ.

ಕಳೆಂಜನಲ್ಲಿ ಒಂದು ಚೆಲುವಾದರೂ ಇದೆ. ಕೊರಗ ಬುಡಕಟ್ಟಿನವರ ಮೇಲೆ ಹೊರಿಸಿದ ಅಜಲಿನಲ್ಲಿ ಅದೂ ಇಲ್ಲ. ಮನೆಯ ಪೀಡೆ ದಾಟಿ ಹೋಗಲಿ ಎಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುವ ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ ಸರಕಾರ 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಅದಕ್ಕೂ ಹಿಂದೆ, 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಅಂಡೆ ಕೊರಗರ ವಿವರ ಸಿಗುತ್ತದೆ: ಅವರು ದಾರಿಯಲ್ಲಿ ಉಗುಳಬಾರದೆಂದು ಕೊರಳಿಗೆ ಪಾತ್ರೆ ಕಟ್ಟಿಕೊಂಡು ನಡೆಯಬೇಕಿತ್ತಂತೆ. ಎಂಜಲಿನ ಹನಿಗೆ ಹೆದರಿ ಮೂಗುಬಾಯಿ ಮುಚ್ಚಿಕೊಂಡ ನಾವು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು. ರೋಗದ ಭಯವಿಲ್ಲದ ಕಾಲದಲ್ಲಿಯೂ ಒಂದು ಸಮುದಾಯವನ್ನು ರೋಗದಂತೆ ನಡೆಸಿಕೊಂಡ ನಾಡಿದು.

ಅಸ್ಪೃಶ್ಯತೆ ಹೇಗಿರುತ್ತದೆಂಬ ರುಚಿ ಆ ವರ್ಷ ಉಳಿದವರಿಗೂ ಸ್ವಲ್ಪ ಹತ್ತಿತು. 2020ರ ಏಪ್ರಿಲಿನಲ್ಲಿ ಕೊರೋನಾದಿಂದ ತೀರಿಕೊಂಡ ಬಂಟ್ವಾಳದ ಹಿರಿಯ ಮಹಿಳೆಯೊಬ್ಬರ ಶವ ಸುಡಲು ಮಂಗಳೂರಿನ ಪಚ್ಚನಾಡಿಯಲ್ಲಿ ಜನ ಬಿಡಲಿಲ್ಲ. ಕೊನೆಗೆ ಬಂಟ್ವಾಳದ ಕೈಕುಂಜೆಯಲ್ಲಿ, ಅಲ್ಲಿಯೂ ವಿರೋಧದ ನಡುವೆ, ಸಂಸ್ಕಾರ ನಡೆಯಿತು. ಮೇ 18ರಂದು ಮಹಾರಾಷ್ಟ್ರದಿಂದ ಬರುವವರಿಗೆ ರಾಜ್ಯದ ಗಡಿಯೇ ಮುಚ್ಚಿತು. ಊರಿನ ಬ್ರಹ್ಮಕಲಶಕ್ಕೆ ಕಾಣಿಕೆ ಕಳಿಸುವ ಮುಂಬೈಯ ಕೈಗಳು ಆ ಬೇಸಗೆ ಯಾರಿಗೂ ಬೇಡವಾದವು. ಆದರೆ ಈ ರುಚಿ ನಾಲಿಗೆಯಲ್ಲಿ ನಿಲ್ಲಲಿಲ್ಲ. ಕ್ವಾರಂಟೈನ್ ಮುಗಿದ ದಿನ ಅವರ ಜಾತಿ, ಮನೆ, ಮರ್ಯಾದೆ ಹಾಗೆಯೇ ಮರಳಿ ಸಿಕ್ಕಿತು. ಕೊರಗರ ಕೊಪ್ಪಕ್ಕೆ ಹದಿನಾಲ್ಕು ದಿನದ ಗಡುವು ಯಾವತ್ತೂ ಇರಲಿಲ್ಲ.

ಹಾಗಾದರೆ ಲಾಕ್‌ಡೌನೇ ತಪ್ಪೇ? ಹಾಗೆನ್ನಲು ನನಗೆ ಧೈರ್ಯ ಸಾಲದು. ಈ ತಾಲ್ಲೂಕಿಗೆ ಸಾಂಕ್ರಾಮಿಕದ ನೆನಪು ಬೇರೆಯೇ ಇದೆ. 1982ರ ಕೊನೆಗೆ ಬೆಳ್ತಂಗಡಿಯ ನಿಡ್ಲೆ ಸುತ್ತಿನ ಕಾಡನ್ನು ಗೇರು ತೋಟಕ್ಕೆಂದು ಕಡಿದಾಗ ಮಂಗನ ಕಾಯಿಲೆ ಸಿಡಿಯಿತು. 1983ರ ಬೇಸಗೆ ಮುಗಿಯುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಮಲಗಿದರು, ನೂರಕ್ಕೂ ಹೆಚ್ಚು ಮಂದಿ ಏಳಲಿಲ್ಲ. ಸತ್ತವರಲ್ಲಿ ಮರ ಕಡಿಯುವ ಕೂಲಿಗಳು, ಸೊಪ್ಪು ಸೌದೆಗೆ ಕಾಡಿಗೆ ಹೋಗುವವರು. ತಡೆಯಿಲ್ಲದೆ ಬಿಟ್ಟ ರೋಗ ಮೊದಲು ಹಿಡಿಯುವುದು ಇವರನ್ನೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆಗೆ ಇದ್ದ ಹಳೆಯ ಲಸಿಕೆ ಪರಿಣಾಮ ಸಾಲದೆಂದು 2022ರಲ್ಲಿ ನಿಂತೇ ಹೋಯಿತು. ಲಂಡನ್, ನ್ಯೂಯಾರ್ಕನ್ನು ಹಿಡಿದ ಕೊರೋನಾಕ್ಕೆ ಮಾತ್ರ ವರ್ಷದೊಳಗೆ ಲಸಿಕೆ ಸಿದ್ಧವಾಗಿ, 2021ರ ಜನವರಿ 16ಕ್ಕೆ ನಮ್ಮ ದೇಶದಲ್ಲೂ ಚುಚ್ಚುವುದು ಶುರುವಾಯಿತು. ಆಗದ ಕೆಲಸವೆಂದಲ್ಲ, ಯಾರಿಗೆ ಬಂದಾಗ ಆಗುತ್ತದೆ ಎಂಬುದಷ್ಟೇ ಪ್ರಶ್ನೆ. ಹಾಗಾಗಿ ನನ್ನ ತಕರಾರು ಬೀಗದ ಮೇಲಲ್ಲ, ಅದರ ಬೆಲೆಯನ್ನು ಹಂಚಿದ ರೀತಿಯ ಮೇಲೆ.

ಜನ ಸುಮ್ಮನೆ ಕೂತಿರಲಿಲ್ಲ ಎಂಬುದೂ ಸತ್ಯ. ಮಲೆಯಲ್ಲಿ ಗೆಡ್ಡೆಗೆಣಸು, ಸೊಪ್ಪು, ಜೇನು ಇತ್ತು. ಕೋಲವಿಲ್ಲದ ಮನೆಯವರು ತೋಟದ ಕೂಲಿಗೆ ಹೋದರು, ಬೀಡಿಯವರು ಕಡ ತಂದರು, ಅಂಗಡಿಯವರು ಬರೆದುಕೊಂಡು ಸಾಮಾನು ಕೊಟ್ಟರು. ಆದರೆ ಇದನ್ನು ಹೊಗಳುವಾಗ ನನ್ನ ನಾಲಿಗೆ ತಡವರಿಸುತ್ತದೆ. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಬಳಿಯ ಬಳ್ಳಕದಿಂದ ಒಂದು ಫೋಟೊ ಬಂತು. ರಸ್ತೆ ಬದಿಯಲ್ಲಿ ಕೂತು ಫೋನಿನಲ್ಲಿ ಪಾಠ ಕೇಳುವ ಹುಡುಗಿ, ಸುರಿವ ಮಳೆಗೆ ಕೊಡೆ ಹಿಡಿದು ನಿಂತ ಅಪ್ಪ. ದೇಶವೆಲ್ಲ ಆ ಅಪ್ಪನನ್ನು ಕೊಂಡಾಡಿತು. ಅಪ್ಪ ದೊಡ್ಡವರೇ. ಆದರೆ ಅವರು ಹಿಡಿದ ಕೊಡೆ ಎಷ್ಟು ಹೊಗಳಿಸಿಕೊಂಡಿತೋ, ಅಲ್ಲಿಲ್ಲದ ಟವರು ಅಷ್ಟು ಬೈಸಿಕೊಳ್ಳಲಿಲ್ಲ. ಬಡವರ ಸಹನೆಗೆ ಚಪ್ಪಾಳೆ ತಟ್ಟುವುದು ನಮಗೆ ಅಗ್ಗದಲ್ಲಿ ಸಿಗುವ ಪುಣ್ಯ.

ಸರಕಾರಕ್ಕೆ ಗುಡ್ಡ ಹತ್ತಲು ಬರುವುದೇ ಇಲ್ಲವೆಂದಲ್ಲ. 2020ರ ಆಗಸ್ಟಿನಲ್ಲಿ ಶುರುವಾದ ವಿದ್ಯಾಗಮದಲ್ಲಿ ಶಿಕ್ಷಕರೇ ಊರಿಗೆ ಬಂದು, ದೇವಸ್ಥಾನದ ಜಗಲಿಯಲ್ಲೋ ಮರದಡಿಯಲ್ಲೋ ಮಕ್ಕಳನ್ನು ಕೂರಿಸಿ ಕಲಿಸಿದರು. ಇಡೀ ಕಾಲದಲ್ಲಿ ಅಂಚಿನ ಮನೆಯ ಅಳತೆಗೆ ಒಪ್ಪುವಂತೆ ಹೊಳೆದ ಉಪಾಯ ನನ್ನ ಮಟ್ಟಿಗೆ ಅದೊಂದೇ. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ಬಂದಾಗ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಇನ್ನು, ಮನೆಮನೆಗೆ ಹೋಗಿ ಜ್ವರ ಕೇಳಿದ ಆಶಾ ಕಾರ್ಯಕರ್ತೆಯರು 12,000 ರೂಪಾಯಿ ಗೌರವಧನಕ್ಕಾಗಿ 2020ರ ಜುಲೈಯಲ್ಲಿ ಮುಷ್ಕರ ಹೂಡಬೇಕಾಯಿತು. ಅಂಚಿಗೆ ಮದ್ದು ತಲುಪಿಸಿದವರೂ ಅಂಚಿನ ಹೆಂಗಸರೇ ಎಂಬುದನ್ನು ಮರೆಯಬಾರದು.

ನಂಬಿಕೆಯ ವಿಷಯವೂ ಇದೆ. ಲಸಿಕೆಗೆ ಕೈಯೊಡ್ಡದ ಕಾಡಿನ ಜನರನ್ನು ಪೇಟೆಯವರು ಮೂಢರೆಂದರು. ಆದರೆ ಆ ಹಿಂಜರಿಕೆಗೆ ಹಿನ್ನೆಲೆಯಿದೆ. ಕುತ್ಲೂರಿನ ಮಲೆಕುಡಿಯ ಯುವಕ, ಪತ್ರಿಕೋದ್ಯಮದ ವಿದ್ಯಾರ್ಥಿ ವಿಠಲ ಮಲೆಕುಡಿಯ ಮತ್ತು ಅವರ ತಂದೆಯನ್ನು 2012ರ ಮಾರ್ಚಿನಲ್ಲಿ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಿದರು. ಇಬ್ಬರನ್ನೂ ನ್ಯಾಯಾಲಯ ಖುಲಾಸೆ ಮಾಡಿದ್ದು 2021ರ ಅಕ್ಟೋಬರಿನಲ್ಲಿ, ಅಂದರೆ ಲಸಿಕಾ ಅಭಿಯಾನ ಭರದಲ್ಲಿದ್ದಾಗ. ಜೀಪಿನಲ್ಲಿ ಬರುವ ಸರಕಾರ ಯಾವ ಕೆಲಸಕ್ಕೆ ಬರುತ್ತದೆಂಬ ಅನುಭವ ಇಂಥ ಊರಿಗೆ ಇರುತ್ತದೆ. ಹಾಗಿರುವಾಗ ಸೂಜಿ ಹಿಡಿದು ಬಂದ ಜೀಪಿನ ಮುಂದೆ ಒಂದು ಕ್ಷಣ ಹಿಂಜರಿಯುವುದನ್ನು ಅಜ್ಞಾನ ಎನ್ನಲಾರೆ.

ಪರಿಹಾರದ ಪಟ್ಟಿಗಳಲ್ಲಿಯೂ ಇದೇ ಅಳತೆಗೋಲು. 2020ರ ಮೇ ತಿಂಗಳ ರಾಜ್ಯದ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೊ ಚಾಲಕರಿಗೆ 5,000 ರೂಪಾಯಿ, ಮರುವರ್ಷದ್ದರಲ್ಲಿ ಕಲಾವಿದರಿಗೆ 3,000. ದೈವ ಕಟ್ಟುವವರು ಯಾವ ಕಾಲಮಿನಲ್ಲಿ? ಇದು ಕಲೆಯಲ್ಲ, ಆರಾಧನೆ ಎಂದು ನಾವೇ ವಾದಿಸುತ್ತೇವೆ. ವಾದ ಸರಿಯೇ, ಆದರೆ ಆರಾಧನೆಗೆ ಅರ್ಜಿ ನಮೂನೆ ಇರಲಿಲ್ಲ. ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಎಂದು ಸರಕಾರ ಘೋಷಿಸಿದ್ದು 2022ರ ಅಕ್ಟೋಬರಿನಲ್ಲಿ, ‘ಕಾಂತಾರ’ ಚಿತ್ರಮಂದಿರ ತುಂಬಿಸಿದ ಮೇಲೆ. ಎರಡು ಋತುಗಳ ಹಸಿವಿನಿಂದ ಆಗದ್ದು ಒಂದು ಸಿನಿಮಾದಿಂದ ಆಯಿತು.

2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ದೇಶದ ಅತ್ಯುತ್ತಮ ಪ್ರವಾಸಿ ಗ್ರಾಮಗಳನ್ನು ಆರಿಸಿದಾಗ ಕುತ್ಲೂರಿಗೆ ಪ್ರಶಸ್ತಿ ಬಂತು, ಸಾಹಸ ಪ್ರವಾಸೋದ್ಯಮದ ವಿಭಾಗದಲ್ಲಿ. ಊರಿಗೆ ಹೆಸರು ಬಂದರೆ ಯಾರಿಗೆ ಖುಷಿಯಿಲ್ಲ, ನನಗೂ ಆಯಿತು. ಪ್ರವಾಸಿಗರು ಬರುತ್ತಾರೆ, ಆದ್ದರಿಂದ ರಸ್ತೆ ಬೇಕು, ಸೇತುವೆ ಬೇಕು, ನೆಟ್‌ವರ್ಕ್ ಬೇಕು ಎಂದು ಅರ್ಜಿ ಬರೆಯಲು ಈಗ ಗಟ್ಟಿ ಕಾರಣ ಸಿಕ್ಕಂತಾಗಿದೆ. ಅಲ್ಲಿ ಜನ ವಾಸವಾಗಿದ್ದಾರೆ ಎಂಬ ಹಳೆಯ ಕಾರಣ ಅಷ್ಟು ವರ್ಷ ಸಾಕಾಗಿರಲಿಲ್ಲ.