ಮೊಬೈಲ್ ಪಾಠ: ಹಣ ಕಟ್ಟುವ ಮುನ್ನ



ತೊಗರಿಯೋ ಅಡಿಕೆಯೋ ಮಾರಾಟವಾಗಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಊರಿಗೆ ಮಾರಾಟಗಾರರು ಬರುವುದು ಹೊಸತೇನಲ್ಲ. ಮೊದಲು ಸೀರೆ, ಪಾತ್ರೆ, ಪಂಪ್‌ಸೆಟ್ಟು ಬರುತ್ತಿದ್ದವು. ಈಗ ಮಕ್ಕಳ ಪಾಠವೂ ಬರುತ್ತಿದೆ. ಟ್ಯಾಬ್ ಹಿಡಿದ ಹುಡುಗನೊಬ್ಬ ನಿಮ್ಮ ಜಗಲಿಯ ಮೇಲೆ ಕುಳಿತು ನಿಮ್ಮ ಮಗನಿಗೆ ನಾಲ್ಕು ಲೆಕ್ಕ ಕೇಳುತ್ತಾನೆ. ಹೊಸಬರ ಮುಂದೆ ಮಗ ತಡವರಿಸುತ್ತಾನೆ. "ಈಗಲೇ ಹೀಗಾದರೆ ಮುಂದೆ ಹೇಗೆ ಯಜಮಾನರೇ?" ಎಂದು ಆತ ಕೇಳಿದಾಗ ಯಾವ ತಂದೆಯ ಎದೆಯೂ ಧಸಕ್ಕೆನ್ನದೆ ಇರದು. ತಿಂಗಳ ಕಂತಿಗೆ ಒಪ್ಪಿ, ಮೊಬೈಲಿಗೆ ಬಂದ ಓಟಿಪಿಯನ್ನು ಓದಿ ಹೇಳಿಬಿಡುತ್ತೀರಿ.

ಆ ಓಟಿಪಿ ಹೇಳುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಈ ವಾರ ನಿಮ್ಮ ಮುಂದಿಡುತ್ತೇವೆ.

ತೆರೆಯ ಮೇಲಿನ ಪಾಠ ನಮ್ಮ ನಾಡಿಗೆ ಇಂದು ನಿನ್ನೆಯದಲ್ಲ. ವಿಜಾಪುರ, ಕಲಬುರಗಿ, ರಾಯಚೂರು ಕಡೆಯ ಹಿರಿಯರಿಗೆ ನೆನಪಿರಬಹುದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ನಮ್ಮ ಬಾಹ್ಯಾಕಾಶ ಸಂಸ್ಥೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮ ಕಳುಹಿಸಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಆ ಮೂರು ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಕೊಡೆಯಂಥ ಆಂಟೆನಾ, ಊರಿಗೆಲ್ಲ ಒಂದೇ ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷ ಕನ್ನಡ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು. ಆ ಯೋಜನೆ ನಡೆಸಿದವರು ಒಂದು ವಿಷಯವನ್ನು ಮರೆತಿರಲಿಲ್ಲ: ಅದೇ ಉಪಗ್ರಹದ ಮೂಲಕ ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೂ ವಿಜ್ಞಾನ ಕಲಿಸುವ ತರಬೇತಿ ಕೊಟ್ಟರು. ತೆರೆಯ ಪಾಠ ಮುಗಿದ ಮೇಲೆ ಮಗು ಎದ್ದು ಪ್ರಶ್ನೆ ಕೇಳಿದರೆ ಉತ್ತರ ಹೇಳಲು ಒಬ್ಬರು ಬೇಕಲ್ಲವೇ?

ಆಮೇಲೆ ಬಂದ ಕಾಲದಲ್ಲಿ ಆ ಒಬ್ಬರನ್ನೇ ತೆಗೆದುಹಾಕಿ ನೋಡುವ ಪ್ರಸಂಗ ಒದಗಿತು.

ಮುಚ್ಚಿದ ಶಾಲೆ, ತೆರೆದ ಮೊಬೈಲು

2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಶಾಲೆಗಳ ಬಾಗಿಲು ಹಾಕಿದವು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗು ಶಾಲೆಯ ಒಳಗನ್ನೇ ಕಾಣದೆ ಎರಡನೆಯದಕ್ಕೆ ಬಂದಿತ್ತು.

ನಡುವೆ ಏನೂ ಮಾಡಲಿಲ್ಲವೆಂದು ಹೇಳಲಾಗದು. ಚಂದನ ದೂರದರ್ಶನದಲ್ಲಿ ಪಾಠ ಬಂತು. 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಎಂಬ ಹೆಸರಿನಲ್ಲಿ ಶಿಕ್ಷಕರೇ ಕೇರಿಗೆ ಬಂದು ಗುಡಿಯ ಕಟ್ಟೆ, ಅರಳಿಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಮ್ಮ ಅಭಿಪ್ರಾಯದಲ್ಲಿ ಆ ದಿನಗಳಲ್ಲಿ ನಡೆದ ಕೆಲಸಗಳಲ್ಲೆಲ್ಲ ಹೆಚ್ಚು ಬುದ್ಧಿವಂತಿಕೆಯದು ಇದೇ. ಉಳಿದದ್ದೆಲ್ಲ ಮೊಬೈಲಿನ ಪಾಲಿಗೆ ಬಿತ್ತು. ಮಲೆನಾಡಿನಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನೀವೂ ಪತ್ರಿಕೆಗಳಲ್ಲಿ ಕಂಡಿರುತ್ತೀರಿ.

ಫೋನೇ ಇರಲಿಲ್ಲವೇ ಎಂದರೆ, ಇತ್ತು. 'ಅಸರ್' ಎಂಬ ಗ್ರಾಮೀಣ ಸಮೀಕ್ಷೆಯ ಪ್ರಕಾರ, ಶಾಲೆಗೆ ಹೋಗುವ ಮಕ್ಕಳಿರುವ ಹಳ್ಳಿಯ ಮನೆಗಳಲ್ಲಿ 2018ರಲ್ಲಿ ನೂರಕ್ಕೆ 36.5ರಲ್ಲಿ ಸ್ಮಾರ್ಟ್‌ಫೋನ್ ಇತ್ತು. 2021ಕ್ಕೆ ಅದು 67.6ಕ್ಕೆ ಏರಿತು. ಎಷ್ಟೋ ತಂದೆತಾಯಿಗಳು ಸಾಲ ಮಾಡಿ ಕೊಂಡರು. ಆದರೂ ಫೋನ್ ಇದ್ದ ಮನೆಗಳಲ್ಲೇ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಅದು ಕೈಗೆ ಸಿಗುತ್ತಿರಲಿಲ್ಲ. ಇದರಲ್ಲಿ ಆಶ್ಚರ್ಯವೇನು? ಫೋನು ಇರುವುದು ಅಪ್ಪನ ಜೇಬಿನಲ್ಲಿ, ಅಪ್ಪ ಇರುವುದು ಹೊಲದಲ್ಲಿ ಅಥವಾ ಮಂಡಿಯಲ್ಲಿ. ಮಕ್ಕಳು ಮೂವರಿದ್ದರೆ ಸರದಿ ಬೇರೆ.

ಫಸಲು ಹೇಗೆ ಬಂತೆಂಬುದನ್ನೂ ನೋಡಬೇಕು. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ನೂರರಲ್ಲಿ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಕೌಶಲವನ್ನು ಕಳೆದುಕೊಂಡಿದ್ದರು; ಗಣಿತದಲ್ಲಿ 82. ಗಮನಿಸಿ, ಹೊಸ ಪಾಠ ಬಾರದೆ ಹೋದ ಮಾತಲ್ಲ ಇದು, ಬರುತ್ತಿದ್ದುದೂ ಮರೆತ ಮಾತು. ಇಡೀ ದೇಶದ ಹಳ್ಳಿಗಳಲ್ಲಿ ಎರಡನೆಯ ತರಗತಿಯ ಪುಸ್ತಕ ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ 27.3 ಇದ್ದರು, 2022ರಲ್ಲಿ 20.5ಕ್ಕೆ ಇಳಿದರು. 2018ರ ಲೆಕ್ಕವೇ ಹೆಮ್ಮೆ ಪಡುವಂಥದ್ದಲ್ಲ. ಶಾಲೆ ನಡೆದಾಗಲೂ ನಾಲ್ವರಲ್ಲಿ ಮೂವರಿಗೆ ಓದು ಬರುತ್ತಿರಲಿಲ್ಲವೆಂದರೆ ಶಾಲೆಯನ್ನೂ ಕೇಳಬೇಕಾದ ಪ್ರಶ್ನೆಗಳಿವೆ. ಜಗಲಿಗೆ ಬರುವ ಮಾರಾಟಗಾರನಿಗೆ ಅವಕಾಶ ಮಾಡಿಕೊಡುತ್ತಿರುವುದೂ ಈ ಕೊರತೆಯೇ.

ಚಿಕ್ಕ ಮಗು ಓದು ಕಲಿಯುವುದು ಬಾಯಿ ನೋಡಿ, ಕೈ ಹಿಡಿಸಿಕೊಂಡು, ತಪ್ಪಿದಾಗ ತಿದ್ದಿಸಿಕೊಂಡು. ಪಕ್ಕದ ಹುಡುಗ ಓದಿದ್ದನ್ನು ಕೇಳಿ ತಾನೂ ಓದುತ್ತದೆ. ಶಾಲೆಯಲ್ಲಾದರೆ ಮಧ್ಯಾಹ್ನದ ಬಿಸಿಯೂಟವಿದೆ, ಲೋಟ ಹಾಲಿದೆ. ಮೊಬೈಲಿನಲ್ಲಿ ಊಟವಿಲ್ಲ. ಆದ್ದರಿಂದ ಹತ್ತು ಹನ್ನೊಂದು ವರ್ಷದೊಳಗಿನ ಮಗುವಿಗೆ ಶಾಲೆಯ ಬದಲು ಮೊಬೈಲ್ ಪಾಠವೆಂದು ಯಾರೇ ಹೇಳಿದರೂ ಒಪ್ಪಬೇಡಿ. ಶಾಲೆಯ ಜೊತೆಗೆ ಎಂದರೆ ಆ ಮಾತು ಬೇರೆ. ಅದಕ್ಕೆ ದುಡ್ಡು ಕೊಡಬೇಕಾದ್ದೂ ಇಲ್ಲ. ಮಕ್ಕಳ ಪಠ್ಯಪುಸ್ತಕದಲ್ಲಿ ಚೌಕಾಕಾರದ ಕ್ಯೂಆರ್ ಗುರುತುಗಳಿರುತ್ತವೆ. ಸರಕಾರದ 'ದೀಕ್ಷಾ' ಆ್ಯಪ್‌ನಲ್ಲಿ ಅದನ್ನು ತೋರಿಸಿದರೆ ಪುಕ್ಕಟೆಯಾಗಿ ಪಾಠ ತೆರೆದುಕೊಳ್ಳುತ್ತದೆ.

ಕಂತಿನ ಸಂಗತಿ

ಬೆಂಗಳೂರಿನಲ್ಲಿ ನೆಲೆಗೊಂಡ ಬೈಜೂಸ್ ಕಂಪನಿ 2015ರಲ್ಲಿ ಆ್ಯಪ್ ಹೊರತಂದು, ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ಹೆಸರು ಹಾಕಿಸುವಷ್ಟು ಬೆಳೆಯಿತು. 2022ರಲ್ಲಿ ಹೂಡಿಕೆದಾರರು ಅದಕ್ಕೆ ಕಟ್ಟಿದ ಬೆಲೆ 2,200 ಕೋಟಿ ಡಾಲರ್. 2024ರ ಜುಲೈಯಲ್ಲಿ ಅದೇ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಆರಂಭಿಸಲು ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ಆದೇಶಿಸಿತು. ದೊಡ್ಡವರ ಲಾಭನಷ್ಟ ದೊಡ್ಡವರಿಗಿರಲಿ. ನಮ್ಮ ನಿಮ್ಮ ಪ್ರಶ್ನೆ ಒಂದೇ: ಮೂರು ವರ್ಷದ ಪಾಠಕ್ಕೆ ಇಂದೇ ಹಣ ಕಟ್ಟಿದರೆ, ಮೂರು ವರ್ಷವೂ ಆ ಅಂಗಡಿ ತೆರೆದಿರುತ್ತದೆಂದು ಹೇಳುವವರು ಯಾರು?

ಇಲ್ಲೊಂದು ಸೂಕ್ಷ್ಮವಿದೆ. 'ಕಂತು' ಎಂದು ಹೇಳುವುದು ಬಹಳ ಸಲ ಸಾಲವೇ ಆಗಿರುತ್ತದೆ. ಪಾಠ ಮಾರಿದ ಕಂಪನಿ ಒಂದು, ಸಾಲ ಕೊಟ್ಟ ಫೈನಾನ್ಸ್ ಕಂಪನಿ ಇನ್ನೊಂದು. ಮಗ ಎರಡೇ ತಿಂಗಳಿಗೆ ಟ್ಯಾಬ್ ಮೂಲೆಗಿಟ್ಟರೂ ಮೂರನೆಯ ತಿಂಗಳು ಬ್ಯಾಂಕ್ ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುತ್ತದೆ. ಆ ಖಾತೆಗೆ ಬರುವುದು ನಿಮ್ಮ ಹಾಲಿನ ಬಟವಾಡೆ, ಬೆಳೆ ಪರಿಹಾರದ ಹಣ! ಕಂತು ತಪ್ಪಿಸಿದರೆ ನಾಳೆ ಬೆಳೆಸಾಲ ಕೇಳಲು ಹೋದಾಗ ಅದು ಎದುರು ಬರುತ್ತದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಶಿಕ್ಷಣ ಮಂತ್ರಾಲಯವೇ ಇಂಥ ಕಂಪನಿಗಳ ವಿಷಯದಲ್ಲಿ ಪೋಷಕರಿಗೆ ಎಚ್ಚರಿಕೆ ಹೇಳಿತು. ತಾನಾಗಿ ಹಣ ಕಡಿತವಾಗುವ ಏರ್ಪಾಡಿಗೆ ಒಪ್ಪಬೇಡಿ, 'ಪುಕ್ಕಟೆ' ಎಂಬ ಮಾತನ್ನು ಪರೀಕ್ಷಿಸದೆ ನಂಬಬೇಡಿ ಎಂಬುದು ಅದರ ಸಾರ. ಆಗಲೇ ಒಪ್ಪಿಬಿಟ್ಟಿದ್ದರೆ ಬ್ಯಾಂಕಿನ ಶಾಖೆಗೆ ಹೋಗಿ ಯಾವ ಯಾವ ಕಡಿತಕ್ಕೆ ನಿಮ್ಮ ಒಪ್ಪಿಗೆ ಇದೆಯೆಂದು ಕೇಳಿ. ಆದರೆ ಕಡಿತ ನಿಲ್ಲಿಸಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಫೈನಾನ್ಸ್ ಕಂಪನಿಗೂ ಬರೆದು, ಪ್ರತಿಯನ್ನು ಇಟ್ಟುಕೊಳ್ಳಿ.

ಶಾಲೆ ಬಿಟ್ಟವರಿಗೆ

ಇಷ್ಟು ಓದಿ, ದೂರದ ಕಲಿಕೆಯೆಲ್ಲ ಮೋಸವೆಂದು ತಿಳಿಯಬೇಡಿ. ಚಿಕ್ಕವರಿಗೆ ಒಗ್ಗದ್ದು ದೊಡ್ಡವರಿಗೆ ವರವಾಗಬಹುದು. ಅಪ್ಪನಿಗೆ ಕಾಯಿಲೆಯೆಂದು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ನೇಗಿಲು ಹಿಡಿದ ಹುಡುಗ, ಬೇಗ ಮದುವೆಯಾಗಿ ಓದು ನಿಂತ ಸೊಸೆ ಯಾವ ಊರಿನಲ್ಲಿಲ್ಲ? ಇವರಿಗಾಗಿಯೇ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. 1979ರಲ್ಲಿ ಕೇಂದ್ರೀಯ ಮಂಡಳಿಯ ಸಣ್ಣ ಯೋಜನೆಯಾಗಿ ಹುಟ್ಟಿ 1989ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಬಹುದು. ಐದು ವರ್ಷದೊಳಗೆ ಒಂಬತ್ತು ಅವಕಾಶ. ಒಂದೊಂದೇ ವಿಷಯ ಪಾಸು ಮಾಡುತ್ತ ಹೋಗಬಹುದು. ಸುಗ್ಗಿಯಲ್ಲಿ ಪರೀಕ್ಷೆ ಬಿಟ್ಟು ಮುಂದಿನ ಸಲ ಬರೆದರೂ ಸರಿಯೇ. ಹೆಸರು ಹಚ್ಚುವ ಮುನ್ನ ತಮಗೆ ಬೇಕಾದ ವಿಷಯಗಳ ಪುಸ್ತಕ ಕನ್ನಡದಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳತಕ್ಕದ್ದು.

ಪದವಿಗೆ ಮೈಸೂರಿನ ದಾರಿ ಹಳೆಯದು. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಮೂಲಕ ಪಾಠ ಆರಂಭಿಸಿತ್ತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಎಷ್ಟೋ ಶಾಲಾ ಮಾಸ್ತರರು, ಗುಮಾಸ್ತರು ಅಲ್ಲಿ ಓದಿ ಮುಂದೆ ಬಂದರು. ಆದರೆ 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿದಾಗ ಸಾವಿರಾರು ವಿದ್ಯಾರ್ಥಿಗಳು ನಡುನೀರಿನಲ್ಲಿ ನಿಂತರು. 2018ರಲ್ಲಿ ಮಾನ್ಯತೆ ಮರಳಿತು. ಹೋದ ವರ್ಷಗಳು ಯಾರಿಗೂ ಮರಳಲಿಲ್ಲ. ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳು ಕಾಲೇಜಿನ ಪದವಿಗೆ ಸಮ ಎಂದು 2022ರಲ್ಲಿ ಯುಜಿಸಿ ಸ್ಪಷ್ಟಪಡಿಸಿದೆ. ಆದ್ದರಿಂದ ಬಿತ್ತನೆ ಬೀಜದ ಚೀಲಕ್ಕೆ ಕಟ್ಟಿದ ಚೀಟಿಯನ್ನು ತಿರುವಿ ನೋಡುವಂತೆಯೇ, ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ಆ ವರ್ಷ ಮೂರೂ ಯುಜಿಸಿಯ ಪಟ್ಟಿಯಲ್ಲಿವೆಯೇ ಎಂದು ನೋಡಿ ಹಣ ಕಟ್ಟಿ. ರೈತರ ಮಕ್ಕಳಿಗೆ ಇನ್ನೊಂದು ಮಾತು: ಕೃಷಿ, ತೋಟಗಾರಿಕೆ ಪದವಿಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಡಲು ಯುಜಿಸಿಯ ಅನುಮತಿಯೇ ಇಲ್ಲ. "ಮನೆಯಲ್ಲೇ ಕುಳಿತು ಬಿಎಸ್ಸಿ ಕೃಷಿ" ಎಂದು ಯಾರಾದರೂ ಕರಪತ್ರ ಹಂಚಿದರೆ ಆ ಕರಪತ್ರವನ್ನು ಒಲೆಗೆ ಹಾಕಿ.

ಕೊನೆಗೆ, ನೀವು ಈ ಪತ್ರಿಕೆ ಓದುತ್ತಿರುವ ಜಾಗವನ್ನೇ ಒಮ್ಮೆ ಸುತ್ತ ನೋಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆನಿಸಿವೆ. 'ಓದುವ ಬೆಳಕು' ಯೋಜನೆಯಂತೆ 2020ರ ನವೆಂಬರ್‌ನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅನೇಕ ಕಡೆ ಕಂಪ್ಯೂಟರನ್ನೂ ಕೊಟ್ಟಿದ್ದಾರೆ. ನಿಮ್ಮಲ್ಲಿ ಅದು ನಡೆಯುತ್ತಿದೆಯೋ, ಬಟ್ಟೆ ಹೊದ್ದು ಮಲಗಿದೆಯೋ? ಗ್ರಂಥಪಾಲಕರನ್ನು ಕೇಳಿ. ಮಲಗಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಆ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೊಡಿ, ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.