ಎತ್ತಿದ ಚೀಟಿಯೂ ಯಂತ್ರದ ಅಂಕಿಯೂ

ಮತಎಣಿಕೆಯ ದಿನ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಕೊನೆಯ ಸುತ್ತಿನ ಲೆಕ್ಕ ಮುಗಿದು, ಹೊರಗೆ ಪಟಾಕಿಯ ಸದ್ದು ಏಳತೊಡಗಿದ ಮೇಲೂ ಒಂದು ವಿಧಿ ಉಳಿದಿರುತ್ತದೆ. ಬೆಳ್ತಂಗಡಿಯಾಗಲಿ ಮೂಡುಬಿದಿರೆಯಾಗಲಿ ಬಂಟ್ವಾಳವಾಗಲಿ, ಪ್ರತಿಯೊಂದು ಕ್ಷೇತ್ರದಲ್ಲಿಯೂ ಐದು ಮತಗಟ್ಟೆಗಳನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಯ ವಿವಿಪ್ಯಾಟ್ ಕಾಗದಗಳನ್ನು ಯಂತ್ರದ ಲೆಕ್ಕದೊಡನೆ ತಾಳೆ ನೋಡುವ ವಿಧಿ. ಮೊದಲು ಒಂದೇ ಇದ್ದ ಮತಗಟ್ಟೆಯ ಸಂಖ್ಯೆಯನ್ನು ಐದಕ್ಕೆ ಏರಿಸಿದ್ದು 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು. ಪೋಸ್ಟ್‌ಕಾರ್ಡಿನ ಅಳತೆಯ ಬಿಳಿಯ ಕಾಗದ, ನಡುವೆ ಒಂದೊಂದು ಅಂಗುಲದ ದಪ್ಪ ಅಂಕಿಗಳಲ್ಲಿ ಮತಗಟ್ಟೆಯ ಸಂಖ್ಯೆ; ಪ್ರತಿಯೊಂದನ್ನೂ ಏಜೆಂಟರಿಗೆ ತೋರಿಸಿ, ನಾಲ್ಕಾಗಿ ಮಡಚಿ, ಡಬ್ಬಕ್ಕೆ ಹಾಕಿ ಕುಲುಕಿ, ಚುನಾವಣಾಧಿಕಾರಿಯೇ ಎತ್ತತಕ್ಕದ್ದೆಂದು ಆಯೋಗದ ನಿರ್ದೇಶವುಂಟು. ಫಲ ಯಾರಿಗೂ ಮುಂಚಿತವಾಗಿ ತಿಳಿಯದು, ಆದರೆ ಅದು ಹುಟ್ಟಿದ ಬಗೆ ಎಲ್ಲರಿಗೂ ಕಾಣುತ್ತದೆ.

ಅದೇ ಚುನಾವಣೆಯ ಪೂರ್ವಾರ್ಧದಲ್ಲಿ, ಯಾವ ಮತಯಂತ್ರ ಯಾವ ಕ್ಷೇತ್ರಕ್ಕೆ, ಅನಂತರ ಯಾವ ಮತಗಟ್ಟೆಗೆ ಎಂಬುದನ್ನು ಎರಡು ಹಂತಗಳಲ್ಲಿ ನಿರ್ಣಯಿಸುವುದು ಕಂಪ್ಯೂಟರಿನ ತಂತ್ರಾಂಶ. ಪಕ್ಷಗಳ ಪ್ರತಿನಿಧಿಗಳು ಅಲ್ಲಿಯೂ ಕುಳಿತಿರುತ್ತಾರೆ, ಪಟ್ಟಿಗೆ ಸಹಿಯನ್ನೂ ಹಾಕುತ್ತಾರೆ. ಆದರೆ ಅವರ ಕಣ್ಣಿಗೆ ಬೀಳುವುದು ಸಿದ್ಧವಾದ ಪಟ್ಟಿ ಮಾತ್ರ. ನಾನು ಮೋಸವನ್ನು ಶಂಕಿಸುತ್ತಿಲ್ಲ. ಶಂಕೆಗೆ ಆಸ್ಪದವೇ ಇಲ್ಲದಂತೆ ಮಾಡುವುದು ಇಷ್ಟು ಸುಲಭವಾಗಿರುವಾಗ ಮಾಡದಿರುವುದೇಕೆಂದು ಕೇಳುತ್ತಿದ್ದೇನೆ.

ಹೇಳಿದ್ದನ್ನಲ್ಲದೆ ಬೇರೇನನ್ನೂ ಮಾಡಲರಿಯದ ಕಂಪ್ಯೂಟರಿಗೆ ತೋಚಿದ ಅಂಕಿಯನ್ನು ಹೇಳೆಂದರೆ ಹೇಳಲು ಬಾರದು. ಸೀಡ್ ಎಂಬ ಆರಂಭಸಂಖ್ಯೆಯೊಂದನ್ನು ಕೊಟ್ಟರೆ, ಅದನ್ನು ಗುಣಿಸಿ, ಕೂಡಿಸಿ, ಕಲಸಿ, ನೋಟಕ್ಕೆ ಯಾವ ಕ್ರಮವೂ ಇಲ್ಲದ ಅಂಕಿಗಳ ಸಾಲನ್ನು ಅದು ಹೊರಗೆಡಹುತ್ತದೆ. ಸೀಡ್ ಒಂದೇ ಆದರೆ ಸಾಲೂ ಒಂದೇ. ಪ್ರೋಗ್ರಾಮಿಂಗ್ ಕಲಿಯುವ ಹುಡುಗರು ಸಾಮಾನ್ಯವಾಗಿ ಸೀಡ್ ಆಗಿ ಬಳಸುವುದು ಆ ಕ್ಷಣದ ಗಡಿಯಾರವನ್ನು. ಆರಂಕಿಯ ಒಟಿಪಿಗೆ ಹತ್ತು ಲಕ್ಷ ಸಾಧ್ಯತೆಗಳುಂಟೆಂದು ನಾವು ನಿಶ್ಚಿಂತರಾಗಿರುತ್ತೇವೆ. ಆದರೆ ಸೆಕೆಂಡಿನ ಲೆಕ್ಕದ ಗಡಿಯಾರದಿಂದ ಅದನ್ನು ಹುಟ್ಟಿಸಿದ್ದು, ಯಾವ ನಿಮಿಷದಲ್ಲಿ ಹುಟ್ಟಿತೆಂಬುದು ಕಳ್ಳನಿಗೆ ತಿಳಿದಿದ್ದರೆ, ಅವನು ಪರೀಕ್ಷಿಸಬೇಕಾದುದು 60 ಸಂಖ್ಯೆಗಳನ್ನಷ್ಟೇ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಾಧಾರಣ ರ‍್ಯಾಂಡಮ್ ಸಾಧನದಿಂದ ಬಂದ 32 ಬಿಟ್‌ಗಳ 624 ಸಂಖ್ಯೆಗಳನ್ನು ಅನುಕ್ರಮವಾಗಿ ಕಂಡವನಿಗೆ ಮುಂದಿನವೆಲ್ಲ ಕರತಲಾಮಲಕ. ಪ್ರತಿವಿಧಾನವೂ ಅದರ ಪಕ್ಕದಲ್ಲಿಯೇ ಇದೆ: ಬಿಡಿಭಾಗಗಳಿಂದ ಬರುವ ಸಂಕೇತಗಳ ಅತಿಸೂಕ್ಷ್ಮ ಕಾಲವ್ಯತ್ಯಾಸಗಳನ್ನು ಆಪರೇಟಿಂಗ್ ಸಿಸ್ಟಮ್ ಸಂಗ್ರಹಿಸಿ, ಬೆರೆಸಿ, ಊಹೆಗೆ ನಿಲುಕದ ಅಂಕಿಗಳನ್ನು ಕೊಡುತ್ತದೆ, ಲಿನಕ್ಸಿನಲ್ಲಿ ಗೆಟ್‌ರ‍್ಯಾಂಡಮ್ ಎಂಬ ಕರೆ 2014ರಿಂದಲೂ, ಪೈಥಾನಿನಲ್ಲಿ ಸೀಕ್ರೆಟ್ಸ್ ಎಂಬ ಭಾಗ 2016ರಿಂದಲೂ ಲಭ್ಯ. ಒಂದೆರಡು ಸಾಲು ತಿದ್ದುವ ಶ್ರಮ, ಅಷ್ಟೆ.

ಈ ದೋಷದ ಕ್ರೌರ್ಯವಿರುವುದು ಅದು ಕಾಣದಿರುವುದರಲ್ಲಿ. ಡೆಬಿಯನ್ ಎಂಬ ಪ್ರಸಿದ್ಧ ಲಿನಕ್ಸ್ ವಿತರಣೆಯವರು 2006ರಲ್ಲಿ, ದೋಷಶೋಧಕ ಉಪಕರಣ ಗೊಣಗಿತೆಂಬ ಕಾರಣಕ್ಕೆ, ಗುಪ್ತಕೀಲಿಗಳನ್ನು ಹುಟ್ಟಿಸುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ ಎರಡು ಸಾಲುಗಳನ್ನು ಸುಮ್ಮನಾಗಿಸಿದರು; ಅದರಿಂದಾಗಿ ಯದೃಚ್ಛೆಯ ಮೂಲವಾಗಿ ಉಳಿದದ್ದು 32,768ನ್ನು ಮೀರದ ಪ್ರೊಸೆಸ್ ಸಂಖ್ಯೆಯೊಂದೇ. ಅಲ್ಲಿ ಹುಟ್ಟಿದ ಗುಪ್ತಕೀಲಿಗಳು ಎಂದಿನಂತೆ ಉದ್ದವಾಗಿ, ಗಹನವಾಗಿ ತೋರುತ್ತಿದ್ದವು, ಎಂದಿನಂತೆ ಕೆಲಸವನ್ನೂ ಮಾಡುತ್ತಿದ್ದವು; ಸಂಗತಿ ಬಯಲಾದದ್ದು 2008ರ ಮೇ ತಿಂಗಳಲ್ಲಿ. ಅಮೆರಿಕದ ಹಾಟ್ ಲೊಟ್ಟೊ ಪ್ರಕರಣದಲ್ಲಂತೂ ಅಂಕಿ ಎತ್ತುವ ತಂತ್ರಾಂಶವನ್ನು ತಿದ್ದಿದವನು ಲಾಟರಿ ಸಂಘದ ಭದ್ರತಾಧಿಕಾರಿಯೇ.

ಆದರೆ ಇಲ್ಲೊಂದು ಭೇದವಿದೆ, ಅದನ್ನು ನಮ್ಮ ತಂತ್ರಜ್ಞರೂ ಆಗಾಗ ಮರೆಯುತ್ತಾರೆ. ಬ್ಯಾಂಕಿನ ಕೀಲಿಗೆ ಬೇಕಾದ ಯದೃಚ್ಛೆಯನ್ನು ಯಾರೂ ಕಾಣಬಾರದು. ಮತಯಂತ್ರದ ಹಂಚಿಕೆಗೆ ಬೇಕಾದುದನ್ನು ಎಲ್ಲರೂ ಕಾಣಬೇಕು. ಆದುದರಿಂದ ಎರಡನೆಯದಕ್ಕೆ ಅತ್ಯುತ್ತಮವಾದ ಆಪರೇಟಿಂಗ್ ಸಿಸ್ಟಮ್ ಕೊಟ್ಟ ಅಂಕಿಯೂ ಸಾಲದು, ಏಕೆಂದರೆ ಅದು ಅಲ್ಲಿಂದಲೇ ಬಂದಿತೆಂಬುದಕ್ಕೆ ಸಾಕ್ಷಿಯಿಲ್ಲ. ಕೊಲೊರಾಡೊ ರಾಜ್ಯದಲ್ಲಿ 2017ರಿಂದ, ಚುನಾವಣೆಯ ಬಳಿಕ ತಾಳೆ ನೋಡಬೇಕಾದ ಮತಪತ್ರಗಳನ್ನು ಆರಿಸುವ ಮೊದಲು ಸಾರ್ವಜನಿಕರ ಸಮಕ್ಷಮದಲ್ಲಿ ಹತ್ತು ಮುಖಗಳ ದಾಳಗಳನ್ನುರುಳಿಸಿ, ದೊರೆತ ಇಪ್ಪತ್ತಂಕಿಯ ಸಂಖ್ಯೆಯನ್ನು ಸೀಡ್ ಆಗಿ ಕೊಡುತ್ತಾರೆ. ಮುಂದಿನ ಗಣಿತ ಬಹಿರಂಗವಾಗಿಯೇ ಇದೆ. ದಾಳವೆಂದೊಡನೆ ನಮಗೆ ಶಕುನಿಯ ನೆನಪಾಗುವುದು ಸಹಜ. ಎಲ್ಲ ಪಕ್ಷದವರೂ ತಂತಮ್ಮ ದಾಳಗಳನ್ನು ಏಕಕಾಲಕ್ಕೆ ಉರುಳಿಸಿದರೆ ಒಬ್ಬ ಶಕುನಿಯಿಂದ ಆಟ ಕೆಡುವುದಿಲ್ಲ.

ಮುಂದಿನ ಚುನಾವಣೆಯಲ್ಲಿ ಜಿಲ್ಲಾಡಳಿತ ಯಂತ್ರಗಳ ಪಟ್ಟಿಯನ್ನೂ ಹಂಚಿಕೆಯ ಸೂತ್ರವನ್ನೂ ಮುಂಚಿತವಾಗಿ ಪಕ್ಷಗಳ ಕೈಗಿತ್ತು, ಸೀಡನ್ನು ಮಾತ್ರ ಆ ಹೊತ್ತಿಗೆ ಅವರೆದುರಿಗೇ ದಾಳದಿಂದ ಪಡೆಯಲಿ. ಆಗ ಬೆಂಜನಪದವಿನಲ್ಲೋ ಉಜಿರೆಯಲ್ಲೋ ಮಿಜಾರಿನಲ್ಲೋ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಅದೇ ಲೆಕ್ಕವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಮಾಡಿ ಕೊಟ್ಟ ಪಟ್ಟಿಯೊಡನೆ ತಾಳೆ ನೋಡಿದ ಬಳಿಕ ಏಜೆಂಟನು ಸಹಿ ಹಾಕಬಹುದು.